ಟೂ-ಸ್ಟ್ರೋಕ್ ಇಂಜಿನ್‌ಗೆ ಪವರ್ ಏರಿಸುವಾಗ ಒಳಗೆ ಏನಾಗುತ್ತದೆ?

ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಗಾಡಿ ಜಾಮ್ ಆಗೇತಿ. ಕಿಕ್ಕರ್ ಕೆಳಗ ಹೋಗವಲ್ದು." ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ, ನರೇಂದ್ರ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ, ಫುಲ್ ಥ್ರಾಟಲ್‌ನಲ್ಲಿದ್ದ ಗಾಡಿಯ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಂಡಿತ್ತು. ತಕ್ಷಣ ಕ್ಲಚ್ ಹಿಡಿದಿದ್ದರಿಂದ ಹುಡುಗ ಬೀಳಲಿಲ್ಲ. ಅದೊಂದೇ ಪುಣ್ಯ.

ಗಾಡಿ ಯಮಹಾ ಆರ್‌ಎಕ್ಸ್ 100. ತಿಂಗಳ ಹಿಂದಷ್ಟೇ ಅವನು ಅದಕ್ಕೆ ಹೊಸ ಸೈಲೆನ್ಸರ್, ಡಬ್ಬಿ ಇಲ್ಲದ ಕೋನ್ ಫಿಲ್ಟರ್ ಹಾಕಿಸಿದ್ದ. ಸಿಲಿಂಡರ್‌ಗೆ ಪೋರ್ಟಿಂಗ್, ಅಂದರೆ ಅದರ ಗೋಡೆಯ ಕಿಟಕಿಗಳನ್ನು ದೊಡ್ಡದು ಮಾಡುವ ಕೆಲಸ, ಕೂಡ ಮಾಡಿಸಿದ್ದ. ಆಸೆ ಹುಟ್ಟಿದ್ದು ಫೋನ್‌ನಲ್ಲಿ ನೋಡಿದ ಕ್ವಾಡ್‌ಗಳಿಂದ. ಕ್ವಾಡ್ ಅಂದರೆ ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್, ಬೈಕಿನ ಹಾಗೆ ಎರಡೂ ಕಡೆ ಕಾಲು ಹಾಕಿ ಕುಳಿತು ಮರಳುದಿಬ್ಬಗಳ ಮೇಲೆ ಓಡಿಸುವ ಗಾಡಿ. ಅದರಲ್ಲೂ ಯಮಹಾ ಬ್ಯಾನ್‌ಶೀ ಅಂದರೆ ಅವನಿಗೆ ಜೀವ. 1987ರಿಂದ 2006ರವರೆಗೆ ಅಮೆರಿಕದಲ್ಲಿ ಮಾರಾಟವಾದ, ಎರಡು ಸಿಲಿಂಡರಿನ, ನೀರಿನಿಂದ ತಂಪಾಗುವ 347 ಸಿಸಿ ಟೂ-ಸ್ಟ್ರೋಕ್ ಅದು. ಅದರ ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗಿನ ಅಗಲ, 64 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, 54. ನಮ್ಮಲ್ಲಿ 1983ರಿಂದ ಬಂದ ರಾಜದೂತ್ 350 ಅಳತೆಯೂ ಇದೇ, ಅದು ಗಾಳಿಯಿಂದ ತಂಪಾಗುತ್ತಿತ್ತು ಅಷ್ಟೇ. ಹಾಗಾಗಿ ಆ ಕ್ವಾಡ್‌ಗೆ ಮಾಡುವ ಕೆಲಸ ನಮ್ಮ ಗಾಡಿಗಳಿಗೂ ಹೊಂದುತ್ತದೆ ಎಂದು ಹುಡುಗರು ತಿಳಿಯುವುದರಲ್ಲಿ ತಪ್ಪಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಅಪ್ಪನ ಕಾಲದ ಟೂ-ಸ್ಟ್ರೋಕ್ ಗಾಡಿಯನ್ನು ಮೂಲೆಯಿಂದ ಹೊರತೆಗೆದು ಸರಿಮಾಡಿಸುವವರು ಈಗ ಜಾಸ್ತಿ ಕಾಣುತ್ತಾರೆ. ಬಂಕ್‌ನ ಪೆಟ್ರೋಲ್ ಕೂಡ ಬದಲಾಗಿದೆ. ಅದಕ್ಕೇ ಈ ಇಂಜಿನ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದರಿಂದಲೇ ಶುರು ಮಾಡುತ್ತೇನೆ.

ಕುಲುಮೆಯ ತಿದಿಯಂಥ ಇಂಜಿನ್

ಈಗಿನ ಬೈಕುಗಳ ಫೋರ್-ಸ್ಟ್ರೋಕ್ ಇಂಜಿನ್‌ನಲ್ಲಿ ಪಿಸ್ಟನ್ ನಾಲ್ಕು ಸಲ ಓಡಾಡುತ್ತದೆ. ಕೆಳಗೆ ಬಂದು ಪೆಟ್ರೋಲ್-ಗಾಳಿ ಎಳೆದುಕೊಳ್ಳುತ್ತದೆ, ಮೇಲೆ ಹೋಗಿ ಅದನ್ನು ಒತ್ತುತ್ತದೆ, ಕಿಡಿ ಹತ್ತಿ ಸಿಡಿದಾಗ ಮತ್ತೆ ಕೆಳಗೆ ಬರುತ್ತದೆ, ಕೊನೆಗೆ ಮೇಲೆ ಹೋಗಿ ಹೊಗೆ ತಳ್ಳುತ್ತದೆ. ಅಂದರೆ ಎರಡು ಸುತ್ತಿಗೆ ಒಂದು ಹೊಡೆತ. ಟೂ-ಸ್ಟ್ರೋಕ್ ಈ ಕೆಲಸವನ್ನೆಲ್ಲ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಪ್ರತಿ ಸುತ್ತಿಗೂ ಒಂದು ಹೊಡೆತ. ಸಣ್ಣ ಇಂಜಿನ್‌ಗೆ ಅಷ್ಟು ಪಿಕಪ್ ಬರುವುದು ಇದರಿಂದಲೇ.

ಒಂದೇ ಸುತ್ತಿನಲ್ಲಿ ಹೇಗೆ ಸಾಧ್ಯ? ಕಮ್ಮಾರನ ಕುಲುಮೆಯ ತಿದಿ ನೋಡಿದ್ದೀರಿ ಅಲ್ವಾ? ಎತ್ತಿದಾಗ ಗಾಳಿ ತುಂಬಿಕೊಳ್ಳುತ್ತದೆ, ಒತ್ತಿದಾಗ ಬೆಂಕಿಗೆ ಊದುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಕೆಳಗಿನ ಕೋಣೆ, ಅಂದರೆ ಕ್ರ್ಯಾಂಕ್‌ಕೇಸ್, ಇದೇ ತಿದಿ. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕೋಣೆಗೆ ಹೊಸ ಪೆಟ್ರೋಲ್-ಗಾಳಿ ಬರುತ್ತದೆ. ಕೆಳಗೆ ಬಂದಾಗ ಅದು ಒತ್ತಿಕೊಂಡು ಪಕ್ಕದ ದಾರಿಗಳಿಂದ ಮೇಲಿನ ಕೋಣೆಗೆ ನುಗ್ಗುತ್ತದೆ. ಮೇಲೆ ಸಿಡಿತ ನಡೆಯುವಾಗ ಕೆಳಗೆ ಮುಂದಿನ ಉಸಿರು ತಯಾರಾಗುತ್ತಿರುತ್ತದೆ.

ತಲೆಯ ಮೇಲೆ ತೆರೆದು ಮುಚ್ಚುವ ವಾಲ್ವ್‌ಗಳು ಇದಕ್ಕಿಲ್ಲ. ಸಿಲಿಂಡರ್ ಗೋಡೆಯಲ್ಲೇ ಕಿಟಕಿಗಳಿವೆ, ಅವೇ ಪೋರ್ಟ್‌ಗಳು. ಪಿಸ್ಟನ್ ಇಳಿಯುತ್ತಾ ಮೊದಲು ಹೊಗೆ ಹೋಗುವ ಎಕ್ಸಾಸ್ಟ್ ಕಿಟಕಿ ತೆರೆಯುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಹೊಸ ಮಿಶ್ರಣ ಬರುವ ಟ್ರಾನ್ಸ್‌ಫರ್ ಕಿಟಕಿಗಳು. ಕೆಳಗಿನ ಕೋಣೆಗೆ ಬಂದ ಮಿಶ್ರಣ ವಾಪಸ್ ಪೆಟ್ರೋಲ್-ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಕಡೆ ಓಡಬಾರದು ಅಂತ ಆರ್‌ಎಕ್ಸ್ 100, ರಾಜದೂತ್ 350, ಬ್ಯಾನ್‌ಶೀ ಮೂರರಲ್ಲೂ ರೀಡ್ ವಾಲ್ವ್ ಇದೆ. ತೆಳ್ಳನೆಯ ನಾಲಿಗೆಗಳು, ಒಳಗೆ ಬಿಡುತ್ತವೆ, ಹೊರಗೆ ಬಿಡುವುದಿಲ್ಲ. ಬಾವಿಯ ಪಂಪ್‌ಸೆಟ್ಟಿನ ಫೂಟ್ ವಾಲ್ವ್ ಮಾಡುವ ಕೆಲಸವೇ. ಅದರ ತುದಿ ಚೂರಾಗಿ ಮುರಿದಿದ್ದರೆ ಗಾಡಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ.

ಆಯಿಲ್ ಯಾಕೆ ಸುಡಬೇಕು ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಫೋರ್-ಸ್ಟ್ರೋಕ್‌ನಲ್ಲಿ ಕೆಳಗಿನ ಕೋಣೆ ಆಯಿಲ್ ನಿಲ್ಲುವ ಜಾಗ. ಇಲ್ಲಿ ಅದು ಪೆಟ್ರೋಲ್ ಓಡಾಡುವ ದಾರಿ, ಆಯಿಲ್ ನಿಲ್ಲಲು ಎಡೆಯೇ ಇಲ್ಲ. ಹಾಗಾಗಿ ಆಯಿಲ್ ಪೆಟ್ರೋಲ್ ಜೊತೆಯೇ ಬರಬೇಕು, ಬೇರಿಂಗ್‌ಗೆ, ಪಿಸ್ಟನ್‌ಗೆ ಹತ್ತಬೇಕು, ಆಮೇಲೆ ಸುಟ್ಟು ಹೋಗಬೇಕು. ಆರ್‌ಎಕ್ಸ್ 100ರಲ್ಲಿ ಒಂದು ಪುಟ್ಟ ಪಂಪ್ ಇದನ್ನು ನೋಡಿಕೊಳ್ಳುತ್ತದೆ. ಬ್ಯಾನ್‌ಶೀಯಲ್ಲಿ ಟ್ಯಾಂಕ್‌ಗೇ ಅಳೆದು ಬೆರೆಸಬೇಕು. ಹಲವರು 32 ಪಾಲು ಪೆಟ್ರೋಲ್‌ಗೆ 1 ಪಾಲು ಆಯಿಲ್ ಹಾಕುತ್ತಾರೆ, ಅಂದರೆ ಲೀಟರಿಗೆ ಸುಮಾರು 31 ಎಂಎಲ್.

ಪವರ್ ಅಂದರೆ ಉಸಿರಾಟದ ಲೆಕ್ಕ

ಪ್ರತಿ ಹೊಡೆತದ ಬಲ, ನಿಮಿಷಕ್ಕೆ ಎಷ್ಟು ಹೊಡೆತ, ಇವೆರಡನ್ನು ಗುಣಿಸಿದರೆ ಬರುವುದೇ ಪವರ್. ಆರ್‌ಎಕ್ಸ್ 100ರ ಇಂಜಿನ್ 98 ಸಿಸಿ, ಕಂಪನಿಯ ಲೆಕ್ಕದಲ್ಲಿ 7500 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ 11 ಹಾರ್ಸ್‌ಪವರ್ ಕೊಡುತ್ತದೆ. 7500 ಅಂದರೆ ಸೆಕೆಂಡಿಗೆ 125 ಸುತ್ತು. ಒಂದು ಸುತ್ತಿಗೆ ಸಿಗುವುದು ಸೆಕೆಂಡಿನ ಸಾವಿರದಲ್ಲಿ 8 ಪಾಲು ಮಾತ್ರ. ಟ್ರಾನ್ಸ್‌ಫರ್ ಕಿಟಕಿಗಳು ತೆರೆದಿರುವುದು ಅದರಲ್ಲೂ ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಅಷ್ಟರಲ್ಲಿ ಹಳೆಯ ಹೊಗೆ ಹೋಗಿ, ಹೊಸ ಮಿಶ್ರಣ ತುಂಬಿಕೊಂಡು, ಅದು ಹೊಗೆಯ ಹಿಂದೆಯೇ ಹೊರಗೆ ಓಡಿಹೋಗದಂತೆಯೂ ಆಗಬೇಕು.

ಸೈಲೆನ್ಸರ್, ಪೋರ್ಟಿಂಗ್, ದೊಡ್ಡ ಕಾರ್ಬುರೇಟರ್, ಬೇರೆ ರೀಡ್, ಏನೇ ಮಾಡಿದರೂ ಬದಲಾಗುವುದು ಈ ಉಸಿರಾಟ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಸೈಲೆನ್ಸರ್ ಒಳಗಿನ ಪ್ರತಿಧ್ವನಿ

ಟೂ-ಸ್ಟ್ರೋಕ್‌ನಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಇದೇ ಭಾಗ. ರೇಸಿಂಗ್ ಪೈಪ್, ಅಂದರೆ ಎಕ್ಸ್‌ಪ್ಯಾನ್ಶನ್ ಚೇಂಬರ್, ಶುರುವಿನಲ್ಲಿ ಸಣ್ಣಗೆ, ನಡುವೆ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿ, ಮತ್ತೆ ಕೊನೆಗೆ ಸಣ್ಣಗಾಗುತ್ತದೆ. ಆ ಆಕಾರ ಚೆಂದಕ್ಕೆ ಮಾಡಿದ್ದಲ್ಲ.

ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಗೆ ಬಡಿದು ಮತ್ತೆ ಮತ್ತೆ ವಾಪಸ್ ಬರುತ್ತದೆ. ಎಕ್ಸಾಸ್ಟ್ ಕಿಟಕಿ ತೆರೆದಾಗ ಹೊರಡುವ ಒತ್ತಡದ ಅಲೆಯೂ ಪೈಪಿನಲ್ಲಿ ಹೀಗೇ ವಾಪಸ್ ಬರುತ್ತದೆ, ಆದರೆ ಎರಡು ರೀತಿ. ಪೈಪ್ ಅಗಲವಾಗುವ ಕಡೆಯಿಂದ ಎಳೆಯುವ ಅಲೆ ಬರುತ್ತದೆ, ಅದು ಸಿಲಿಂಡರ್‌ನ ಹೊಗೆಯನ್ನು ಹೀರುತ್ತದೆ, ಜೊತೆಗೆ ಕೆಳಗಿನ ಕೋಣೆಯ ಹೊಸ ಮಿಶ್ರಣವನ್ನೂ ಎಳೆಯುತ್ತದೆ. ಸ್ವಲ್ಪ ಮಿಶ್ರಣ ಹೊರಗೂ ಜಾರುತ್ತದೆ. ಆಗ ಪೈಪ್ ಸಣ್ಣಗಾಗುವ ಕಡೆಯಿಂದ ತಳ್ಳುವ ಅಲೆ ಬಂದು, ಜಾರಿದ ಮಿಶ್ರಣವನ್ನು ಕಿಟಕಿ ಮುಚ್ಚುವ ಮುಂಚೆ ಮತ್ತೆ ಒಳಗೆ ನೂಕುತ್ತದೆ. ಬರೀ ತಗಡಿನ ಆಕಾರ, ಒಳಗೆ ಅಲುಗಾಡುವ ಒಂದು ಭಾಗವೂ ಇಲ್ಲ, ಆದರೂ ಇಂಜಿನ್‌ಗೆ ಹೊರಗಿನಿಂದ ಗಾಳಿ ಒತ್ತಿಕೊಟ್ಟಂತೆ ಆಗುತ್ತದೆ.

ಅಲೆ ಸರಿಯಾದ ಗಳಿಗೆಗೆ ಬಂದರೆ ಮಾತ್ರ ಇದೆಲ್ಲ. ಒಂದು ಲೆಕ್ಕ ನೋಡಿ. ಪೈಪನ್ನು 9000 ಆರ್‌ಪಿಎಂಗೆ ಮಾಡುತ್ತಿದ್ದೇವೆ ಅಂತಿಟ್ಟುಕೊಳ್ಳಿ. ಒಂದು ಸುತ್ತಿಗೆ 6.7 ಮಿಲಿಸೆಕೆಂಡ್. ಎಕ್ಸಾಸ್ಟ್ ಕಿಟಕಿ ಅರ್ಧ ಸುತ್ತು ತೆರೆದಿದ್ದರೆ 3.3 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಆ ಹೊತ್ತಿನಲ್ಲಿ ಅದು ಹೋಗಿ ಬರುವ ದೂರ ಸುಮಾರು 165 ಸೆಂಟಿಮೀಟರ್, ಅಂದರೆ ಪೈಪಿನ ಉದ್ದ 80-85 ಸೆಂಟಿಮೀಟರ್ ಆಸುಪಾಸು ಇರಬೇಕು. ಉದ್ದ ಮಾಡಿದರೆ ಪವರ್ ಕಡಿಮೆ ಆರ್‌ಪಿಎಂಗೆ ಇಳಿಯುತ್ತದೆ, ಗಿಡ್ಡ ಮಾಡಿದರೆ ಮೇಲಕ್ಕೆ ಏರುತ್ತದೆ. 9000ಕ್ಕೆ ಮಾಡಿದ ಪೈಪ್ 4000ದಲ್ಲಿ ಮಂದವಾಗಿರುತ್ತದೆ. ಕೊಪ್ಪಿಕರ್ ರಸ್ತೆಯ ಗದ್ದಲದಲ್ಲಿ ಅಂಥ ಗಾಡಿ ಓಡಿಸುವುದು ಕಷ್ಟ. ಮರಳುದಿಬ್ಬದ ಮೇಲೆ ಕೊನೇತನಕ ಥ್ರಾಟಲ್ ತಿರುಗಿಸಿಕೊಂಡೇ ಹೋಗುವ ಕ್ವಾಡ್‌ಗೆ ಅದೇ ಸರಿ.

ಸೈಲೆನ್ಸರ್ ಒಳಗಿನದನ್ನೆಲ್ಲ ಕಿತ್ತು ಬರೀ ಸದ್ದು ಜಾಸ್ತಿ ಮಾಡಿಸಿದರೆ ಅಲೆಯ ಲೆಕ್ಕ ಕೆಡುತ್ತದೆ. ಎಷ್ಟೋ ಸಲ ಸದ್ದು ಏರುತ್ತದೆ, ಪವರ್ ಇಳಿಯುತ್ತದೆ.

ಪೋರ್ಟಿಂಗ್: ತೆಗೆದ ಲೋಹ ವಾಪಸ್ ಬರುವುದಿಲ್ಲ

ಸಿಲಿಂಡರ್‌ನ ಕಿಟಕಿಗಳನ್ನು ಗ್ರೈಂಡರ್‌ನಿಂದ ಎತ್ತರ, ಅಗಲ ಮಾಡುವುದೇ ಪೋರ್ಟಿಂಗ್. ಎಕ್ಸಾಸ್ಟ್ ಕಿಟಕಿಯ ಮೇಲಂಚನ್ನು ಎತ್ತರಿಸಿದರೆ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ, ಹೆಚ್ಚು ಆರ್‌ಪಿಎಂನಲ್ಲಿ ಉಸಿರಾಡಲು ಹೊತ್ತು ಸಿಗುತ್ತದೆ. ಆದರೆ ಸಿಡಿತದ ತಳ್ಳು ಅಷ್ಟು ಬೇಗ ಮುಗಿಯುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಎಳೆಯುವುದಿಲ್ಲ. ಆರ್‌ಎಕ್ಸ್ 100ರ ಸ್ಟ್ರೋಕ್ ಕೇವಲ 50 ಮಿಲಿಮೀಟರ್. ಅದರಲ್ಲಿ ಅರ್ಧ ಮಿಲಿಮೀಟರ್ ಕೂಡ ದೊಡ್ಡದು.

ಅಗಲ ಮಾಡುವುದಕ್ಕೂ ಮಿತಿ ಇದೆ. ಪಿಸ್ಟನ್ ರಿಂಗ್ ಸ್ಪ್ರಿಂಗ್‌ನಂತೆ ಹೊರಗೆ ಒತ್ತುತ್ತಿರುತ್ತದೆ. ಕಿಟಕಿ ಅತಿ ಅಗಲವಾದರೆ ರಿಂಗ್ ಅದರೊಳಗೆ ಉಬ್ಬಿ ಅಂಚಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಒಂದೇ ಕಿಟಕಿ ಇರುವ ಎಕ್ಸಾಸ್ಟ್ ಬೋರಿನ ಅಳತೆಯ 70 ಪರ್ಸೆಂಟ್ ದಾಟಬಾರದು ಅನ್ನುವುದು ಬಹಳ ಕಾಲದಿಂದ ಪಾಲಿಸುವ ಲೆಕ್ಕ. ಕಿಟಕಿಯ ಅಂಚುಗಳನ್ನು ನುಣುಪಾಗಿ ಇಳಿಜಾರು ಮಾಡಲೇಬೇಕು. ನಮ್ಮ ಹುಡುಗನ ಸಿಲಿಂಡರ್ ಬಿಚ್ಚಿದಾಗ ಅಂಚು ಬ್ಲೇಡಿನ ಹಾಗೆ ಇತ್ತು, ರಿಂಗಿನ ಮೇಲೆ ಗೀರು ಬಿದ್ದಿದ್ದವು. ಅದನ್ನು ನೋಡಿ ನಿಜಕ್ಕೂ ಸಂಕಟವಾಯಿತು.

ಪೆಟ್ರೋಲ್ ಕಡಿಮೆಯಾದರೆ ಇಂಜಿನ್ ಯಾಕೆ ಸಾಯುತ್ತದೆ

ಮೆಕ್ಯಾನಿಕ್‌ಗಳ ಬಾಯಲ್ಲಿ ಕೇಳುವ ಎರಡು ಮಾತು ಲೀನ್ ಮತ್ತು ರಿಚ್. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಆದರೆ ಲೀನ್, ಜಾಸ್ತಿ ಆದರೆ ರಿಚ್. ರಿಚ್ ಆದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಗಾಡಿ ಮಂಕಾಗುತ್ತದೆ. ಇಂಜಿನ್ ಉಳಿಯುತ್ತದೆ. ಲೀನ್ ಆದರೆ ಗಾಡಿ ಮೊದಮೊದಲು ಚುರುಕಾಗಿಯೇ ಓಡುತ್ತದೆ. ಒಳಗೆ ಮಾತ್ರ ಬಿಸಿ ಏರುತ್ತಿರುತ್ತದೆ. ಪೆಟ್ರೋಲ್ ಆವಿಯಾಗುವಾಗ ಪಿಸ್ಟನ್‌ನ ಶಾಖ ಹೀರುತ್ತದೆ, ಅದು ಕಡಿಮೆಯಾದರೆ ಆ ತಂಪೂ ಕಡಿಮೆ. ಬೆರೆಸಿದ ಆಯಿಲ್‌ನ ಗಾಡಿಯಾದರೆ ಆಯಿಲ್ ಕೂಡ ಕಡಿಮೆ.

ಪಿಸ್ಟನ್ ಅಲ್ಯೂಮಿನಿಯಂ, ಆರ್‌ಎಕ್ಸ್‌ನ ಸಿಲಿಂಡರ್ ಒಳಗೋಡೆ ಕಬ್ಬಿಣ. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವೆ ಬಿಡುವ ಜಾಗ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಆ ಜಾಗ ಮುಗಿದಾಗ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ನಾವು ಜಾಮ್ ಆಯಿತು, ಸೀಜ್ ಆಯಿತು ಅನ್ನುವುದು ಇದಕ್ಕೇ.

ಈಗ ಹುಡುಗನ ಗಾಡಿಗೆ ಬನ್ನಿ. ಹೊಸ ಪೈಪ್ ಜಾಸ್ತಿ ಗಾಳಿ ಎಳೆಯಿತು. ಕೋನ್ ಫಿಲ್ಟರ್ ಜಾಸ್ತಿ ಗಾಳಿ ಬಿಟ್ಟಿತು. ಕಾರ್ಬುರೇಟರಿನ ಮೇನ್ ಜೆಟ್, ಅಂದರೆ ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಬಿಡುವ ತೂತು, ಕಂಪನಿಯದ್ದೇ ಇತ್ತು. ಬೈಪಾಸ್‌ನಲ್ಲಿ ಹತ್ತು ನಿಮಿಷ ಫುಲ್ ಥ್ರಾಟಲ್. ಪಿಸ್ಟನ್‌ಗೆ ಅತಿ ಬಿಸಿ ತಗಲುವ ಎಕ್ಸಾಸ್ಟ್ ಕಡೆಯಲ್ಲೇ ಅದು ಕಚ್ಚಿಕೊಂಡಿತ್ತು.

ಇದರ ಮೇಲೆ ಇ20 ಪೆಟ್ರೋಲ್. ಕಬ್ಬು, ಗೋವಿನಜೋಳದಂಥ ಬೆಳೆಗಳಿಂದ ಮಾಡುವ ಎಥನಾಲ್ ಇದರಲ್ಲಿ 20 ಪರ್ಸೆಂಟ್ ಇರುತ್ತದೆ. ಒಂದು ಕೆಜಿ ಬರೀ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು, ಇ20ಗೆ ಸುಮಾರು 13.5. ಅದೇ ತೂತು, ಅದೇ ಗಾಳಿ ಇದ್ದರೆ ಮಿಶ್ರಣ ಅಷ್ಟರಮಟ್ಟಿಗೆ ಲೀನ್ ಆಯಿತು ಅಂತಲೇ ಅರ್ಥ. ಹೊಸ ಗಾಡಿಗಳಲ್ಲಿ ಸೆನ್ಸರ್ ಇದನ್ನು ಸರಿಮಾಡಿಕೊಳ್ಳುತ್ತದೆ. 1996ಕ್ಕೆ ನಿಂತುಹೋದ ಆರ್‌ಎಕ್ಸ್ 100ರಲ್ಲಿ ಅದನ್ನು ನಾವೇ ಜೆಟ್ ಬದಲಿಸಿ ಮಾಡಬೇಕು. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನೂ ಕೆಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾರ್ಬುರೇಟರ್ ಖಾಲಿ ಮಾಡಿ ಇಡುವುದು ಒಳ್ಳೆಯದು.

ಮಿಶ್ರಣ ಸರಿ ಇದೆಯಾ ಅಂತ ಪ್ಲಗ್ ಹೇಳುತ್ತದೆ. ಖಾಲಿ ರಸ್ತೆಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಓಡಿಸಿ, ಒಮ್ಮೆಲೇ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ಸರಿ. ಸುಣ್ಣದ ಹಾಗೆ ಬಿಳಿ ಇದ್ದರೆ ಲೀನ್. ಕಪ್ಪಗೆ ಒದ್ದೆ ಇದ್ದರೆ ರಿಚ್. ಹೊಸ ಪೈಪ್ ಹಾಕಿದವರು ಮೊದಲು ದೊಡ್ಡ ಜೆಟ್ ಹಾಕಿ, ರಿಚ್ ಕಡೆಯಿಂದ ಒಂದೊಂದೇ ನಂಬರ್ ಇಳಿಸುತ್ತಾ ಬರಬೇಕು. ಲೀನ್ ಕಡೆಯಿಂದ ಏರಿಸುತ್ತಾ ಹೋದರೆ ಅದು ಸರಿಹೋಗುವಷ್ಟರಲ್ಲಿ ಪಿಸ್ಟನ್ ಹೋಗಿರುತ್ತದೆ. ಬ್ಯಾನ್‌ಶೀಯಲ್ಲಿ ಪ್ರತಿ ಸಿಲಿಂಡರ್‌ಗೆ ಒಂದು ಕಾರ್ಬುರೇಟರ್. ಎರಡೂ ಪ್ಲಗ್ ನೋಡಬೇಕು, ಎರಡೂ ಒಂದೇ ಸಲಕ್ಕೆ ತೆರೆಯುವಂತೆ ಹೊಂದಿಸಬೇಕು.

ಫಿಲ್ಟರ್ ಬಗ್ಗೆ ಇನ್ನೊಂದು ಮಾತು. ನವಲಗುಂದ, ಗದಗ ಕಡೆಯ ಎರೆಮಣ್ಣಿನ ಧೂಳು ಬೇಸಿಗೆಯಲ್ಲಿ ಹಿಟ್ಟಿನ ಹಾಗೆ ಏಳುತ್ತದೆ. ಕಡಿಮೆ ಬೆಲೆಯ ಕೋನ್ ಫಿಲ್ಟರ್ ಅದನ್ನು ತಡೆಯುವುದಿಲ್ಲ. ಟೂ-ಸ್ಟ್ರೋಕ್‌ನಲ್ಲಿ ಆ ಧೂಳು ಮೊದಲು ಕ್ರ್ಯಾಂಕ್ (ಪಿಸ್ಟನ್‌ನ ಓಡಾಟವನ್ನು ಸುತ್ತಾಗಿ ಬದಲಿಸುವ ದಂಡ) ಬೇರಿಂಗ್‌ಗೆ, ಆಮೇಲೆ ಸಿಲಿಂಡರ್‌ಗೆ ಹೋಗುತ್ತದೆ. ಮರಳಿನಲ್ಲಿ ಓಡುವ ಕ್ವಾಡ್‌ನವರು ಆಯಿಲ್ ಹಚ್ಚಿದ ಫೋಮ್ ಫಿಲ್ಟರ್ ಬಳಸುವುದು ಅದಕ್ಕೇ.

ಮೊದಲು ಸೋರಿಕೆ, ಆಮೇಲೆ ಪವರ್

ಕೆಳಗಿನ ಕೋಣೆ ತಿದಿ ಅಂದೆ. ತಿದಿಗೆ ತೂತು ಬಿದ್ದರೆ? ಕ್ರ್ಯಾಂಕ್‌ನ ಎರಡೂ ತುದಿಗೆ ರಬ್ಬರ್ ಸೀಲ್ ಇರುತ್ತದೆ. ಹಳೆಯ ಗಾಡಿಯಲ್ಲಿ ಅದು ಒಣಗಿ ಗಟ್ಟಿಯಾಗಿರುತ್ತದೆ. ಕಿಡಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಅಲ್ಲಿಂದ ಬರೀ ಗಾಳಿ ಒಳಗೆ ಬರುತ್ತದೆ, ಜೆಟ್ ಎಷ್ಟು ದೊಡ್ಡದು ಹಾಕಿದರೂ ಲೀನ್. ಥ್ರಾಟಲ್ ಬಿಟ್ಟರೂ ಇಂಜಿನ್ ಸದ್ದು ಇಳಿಯದೆ ಗುಂಯ್ ಅನ್ನುತ್ತಲೇ ಇದ್ದರೆ ಇದೇ ಅನುಮಾನ ಬರಬೇಕು. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಸುಮ್ನೆ ಕಡಿಮೆಯಾಗುತ್ತಾ ಹೋಗುತ್ತದೆ.

ಪರೀಕ್ಷೆ ಸುಲಭ, ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿಗೆ ಹಿಡಿಯುವ ಹಾಗೆಯೇ. ಕಾರ್ಬುರೇಟರ್ ಬಾಯಿ, ಎಕ್ಸಾಸ್ಟ್ ಬಾಯಿ ಎರಡನ್ನೂ ರಬ್ಬರ್‌ನಿಂದ ಬಿಗಿಯಾಗಿ ಮುಚ್ಚಿ, ಕೈಪಂಪ್‌ನಿಂದ 6 ಪಿಎಸ್‌ಐ ಒತ್ತಡ ಕೊಟ್ಟು ಆರು ನಿಮಿಷ ನೋಡಬೇಕು. ಮುಳ್ಳು ಇಳಿಯುತ್ತಿದ್ದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ಹುಡುಕಿ. ಜಾಸ್ತಿ ಒತ್ತಡ ಕೊಡಬೇಡಿ, ಒಳ್ಳೆಯ ಸೀಲ್ ಕೂಡ ಹೊರಗೆ ಬರುತ್ತದೆ. ನಮ್ಮ ಗಾಡಿಯಲ್ಲಿ ಮ್ಯಾಗ್ನೆಟ್ ಕಡೆ ಗುಳ್ಳೆ ಎದ್ದವು. ಅಂದರೆ ಜೆಟ್ ಒಂದೇ ಅಲ್ಲ, ಎರಡು ತಪ್ಪು ಸೇರಿ ಗಾಡಿಯನ್ನು ನಿಲ್ಲಿಸಿದ್ದವು. ಪವರ್‌ಗೆ ಖರ್ಚು ಮಾಡುವ ಮುಂಚೆ ಈ ಹತ್ತು ನಿಮಿಷದ ಕೆಲಸ ಮಾಡಿಸಿದ್ದರೆ ಅರ್ಧ ನಷ್ಟ ತಪ್ಪುತ್ತಿತ್ತು.

ರಿಪೇರಿಯಲ್ಲಿ ಏನೇನು ನಡೆಯಿತು

ಸಿಲಿಂಡರ್ ಬೋರ್ ಹೊಡೆಸಿದೆವು. ಗೀರು ಬಿದ್ದ ಗೋಡೆಯನ್ನು ಕೊರೆದು ದೊಡ್ಡದು ಮಾಡಿ, 0.25, 0.50 ಮಿಲಿಮೀಟರ್ ಹೀಗೆ ಹೆಚ್ಚಿನ ಅಳತೆಯ ಪಿಸ್ಟನ್ ಹಾಕುತ್ತಾರೆ. ಪಿಸ್ಟನ್ ಕೈಯಲ್ಲಿ ಕೊಟ್ಟು, ಅದನ್ನೇ ಅಳೆದು ಅದಕ್ಕೆ ತಕ್ಕಂತೆ ಬೋರ್ ಹೊಡೆಯಲು ಹೇಳಬೇಕು. ಕ್ರ್ಯಾಂಕ್ ಹಲವು ತುಂಡುಗಳನ್ನು ಒತ್ತಿ ಕೂಡಿಸಿದ್ದು, ಹಾಗಾಗಿ ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ನಡುವಿನ ಕನೆಕ್ಟಿಂಗ್ ರಾಡ್ ಬದಲಿಸಿದ ಮೇಲೆ ಡಯಲ್ ಗೇಜ್ ಇಟ್ಟು ನೇರ ಮಾಡಲೇಬೇಕು. ಜಾಸ್ತಿ ಪವರ್‌ನ ಕ್ವಾಡ್‌ಗಳಲ್ಲಿ ಅದು ತಿರುಚದಿರಲಿ ಅಂತ ವೆಲ್ಡ್ ಕೂಡ ಮಾಡುತ್ತಾರೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ಅಂಚಿಗೂ ಹೆಡ್‌ಗೂ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳಕ್ಕೂ, ನಡುವೆ ಉಳಿಯುವ ಸಂದಿಯನ್ನು ಸೋಲ್ಡರ್ ತಂತಿ ಇಟ್ಟು, ಕಿಕ್ಕರ್ ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆದು ತಿಳಿಯಬಹುದು. ಒಂದು ಮಿಲಿಮೀಟರ್ ಆಸುಪಾಸು ಸಾಕು. ಅದಕ್ಕಿಂತ ಬಹಳ ಕಡಿಮೆ ಮಾಡಿದರೆ ಪಿಸ್ಟನ್ ಹೆಡ್‌ಗೆ ಬಡಿಯುವ ಭಯ.

ಸಿಸಿ ಏರಿಸುವವರೂ ಇದ್ದಾರೆ. ಬ್ಯಾನ್‌ಶೀಗೆ 4 ಮಿಲಿಮೀಟರ್ ಉದ್ದ ಸ್ಟ್ರೋಕಿನ ಕ್ರ್ಯಾಂಕ್ ಹಾಕಿದರೆ 347 ಇದ್ದದ್ದು ಸುಮಾರು 373 ಆಗುತ್ತದೆ. ಇಲ್ಲಿ ಆರ್‌ಎಕ್ಸ್ 100ಕ್ಕೆ ಯಮಹಾದ್ದೇ ಆರ್‌ಎಕ್ಸ್ 135ರ ಸಿಲಿಂಡರ್ ಹಾಕುತ್ತಾರೆ, ಎರಡರ ಸ್ಟ್ರೋಕ್ ಒಂದೇ ಇರುವುದರಿಂದ ಹೊಂದುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ರಸ್ತೆಗೆ ಬರದ, ಮರಳಿನಲ್ಲೇ ಓಡುವ ಕ್ವಾಡ್‌ನವರಿಗೂ ದಿನಾ ಕಾಲೇಜಿಗೆ ಹೋಗುವ ಹುಡುಗನಿಗೂ ಇರುವ ದೊಡ್ಡ ವ್ಯತ್ಯಾಸ ಇದು. ನಾವು 98 ಸಿಸಿಯಲ್ಲೇ ಉಳಿದೆವು. ಕಂಪನಿಯ ಸೈಲೆನ್ಸರ್, ಫಿಲ್ಟರ್ ಡಬ್ಬಿ ಎರಡೂ ವಾಪಸ್ ಬಂದವು.

ಘಟ್ಟ ಇಳಿಯುವಾಗ

ಡಿಸೆಂಬರ್‌ನಲ್ಲಿ ಅವನು ಅಂಕೋಲಾಕ್ಕೆ ಹೊರಟ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದೆ, ಧಾರವಾಡ ಇನ್ನೂ ಸ್ವಲ್ಪ ಮೇಲೆ. ಇಲ್ಲಿಯ ತೆಳು ಗಾಳಿಗೆ ಹೊಂದಿಸಿದ ಕಾರ್ಬುರೇಟರ್, ಅರಬೈಲ್ ಘಟ್ಟ ಇಳಿದು ಕರಾವಳಿಯ ದಟ್ಟ ಗಾಳಿಗೆ ಹೋದಾಗ ಸ್ವಲ್ಪ ಲೀನ್ ಆಗುತ್ತದೆ. ಅಲ್ಲಿಯ ಸೆಕೆ ಅದನ್ನು ಒಂದಿಷ್ಟು ಸರಿದೂಗಿಸಿದರೂ ಪೂರ್ತಿ ಅಲ್ಲ. ಘಟ್ಟದಲ್ಲಿ ಇನ್ನೊಂದು ತೊಂದರೆ ಇದೆ. ಥ್ರಾಟಲ್ ಪೂರ್ತಿ ಮುಚ್ಚಿ ಗೇರ್‌ನಲ್ಲೇ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆಯಿಲ್ ಪಂಪ್ ಮಾತ್ರ ಥ್ರಾಟಲ್ ನೋಡಿಕೊಂಡು ಕನಿಷ್ಠ ಆಯಿಲ್ ಬಿಡುತ್ತಿರುತ್ತದೆ. ಆಗಾಗ ಸ್ವಲ್ಪ ಥ್ರಾಟಲ್ ಕೊಡುತ್ತಾ ಇಳಿಯಬೇಕು.

ಹೊರಡುವ ಮುಂಚೆ ಒಂದು ನಂಬರ್ ದೊಡ್ಡ ಜೆಟ್ ಹಾಕಿಕೊಟ್ಟೆ. ಪ್ಲಗ್ ಪಾನಾ ಸೀಟಿನ ಕೆಳಗೆ ಇಟ್ಟೆ. ಮಧ್ಯಾಹ್ನ ಘಟ್ಟದ ಬುಡದಿಂದ ಫೋಟೋ ಬಂತು, ಅವನ ಅಂಗೈ ಮೇಲೆ ಪ್ಲಗ್. "ಮಾಮಾ, ಚಹಾ ಬಣ್ಣ ಐತಿ ನೋಡ್ರಿ."